ಹಿಮದೂರಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಯಾರು?

ಸಂಪಾದಕರಿಗೆ,

ಎರಡು ವರ್ಷದ ಕೂಸುಗಳನ್ನು ಕಟ್ಟಿಕೊಂಡು ಕಾಶ್ಮೀರದ ಹಿಮಕ್ಕೆ ಹೊರಡುವ ತಂದೆತಾಯಿಯರನ್ನು ಬೈದು ಬೀದರಿನ ಓದುಗರೊಬ್ಬರು ಬರೆದ ಪತ್ರವನ್ನು ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಓದಿದೆ. ಮಗುವಿಗೆ ಏನೂ ನೆನಪಿರುವುದಿಲ್ಲ, ದುಡ್ಡು ದಂಡ ಎಂಬುದು ಅವರ ವಾದ. ನನ್ನ ಮಗಳ ಮನೆಯಲ್ಲಿ ಅಂಥದೇ ಪ್ರವಾಸದ ತಯಾರಿ ನಡೆದಿದೆ. ಹೀಗಾಗಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ನೆನಪಿನ ಮಾತನ್ನು ಮೊದಲು ಮುಗಿಸಿಬಿಡುತ್ತೇನೆ. ಶರಣಬಸವೇಶ್ವರರ ತೇರಿನ ದಿನ ಅಪ್ಪಂದಿರ ಹೆಗಲ ಮೇಲೆ ಎಷ್ಟು ಕೂಸುಗಳು ಕುಳಿತಿರುತ್ತವೆ ನೋಡಿ. ಗಾಣಗಾಪುರದ ಸಂಗಮದಲ್ಲಿ ಹಸುಗೂಸಿನ ತಲೆಗೆ ಭೀಮೆಯ ನೀರು ಚಿಮುಕಿಸುತ್ತಾರೆ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗುವ ಬುತ್ತಿಯ ಜೊತೆಗೆ ತೊಟ್ಟಿಲ ಮಗುವೂ ಹೋಗುತ್ತದೆ. ಅಲ್ಲೆಲ್ಲ ಯಾರೂ ‘ಕೂಸಿಗೆ ನೆನಪಿರುತ್ತದೆಯೇ’ ಎಂದು ಕೇಳುವುದಿಲ್ಲ. ತಂದೆತಾಯಿಗೆ ಹೋಗಬೇಕೆನಿಸಿದೆ, ಮಗು ಅವರದು, ಜೊತೆಗೆ ಹೋಗುತ್ತದೆ. ಹಿಮಕ್ಕೆ ಮಾತ್ರ ಬೇರೆ ನ್ಯಾಯ ಏಕೆ?

ಅವರು ಕೇಳಬೇಕಾಗಿದ್ದ ಪ್ರಶ್ನೆ ಬೇರೆಯೇ ಇತ್ತು. ತಂದೆತಾಯಿ ಇಬ್ಬರೂ ಹಿಮದ ಮೇಲೆ ಜಾರುವ ಸ್ಕೀ ಪಟ್ಟಿಗಳನ್ನು ಕಾಲಿಗೆ ಕಟ್ಟಿಕೊಂಡು ಇಳಿಜಾರಿಗೆ ಹೋದ ಹೊತ್ತಿನಲ್ಲಿ ಮಗು ಯಾರ ಕೈಯಲ್ಲಿರುತ್ತದೆ?

ನಾನು ಸಾರಿಗೆ ಸಂಸ್ಥೆಯ ಡಿಪೊದಲ್ಲಿ ಸಂಚಾರ ನಿಯಂತ್ರಕನಾಗಿದ್ದು ನಿವೃತ್ತನಾದವನು. ಯಾವ ಬಸ್ಸಿಗೆ ಯಾವ ಚಾಲಕ, ಯಾವ ನಿರ್ವಾಹಕ, ಬದಲಿ ಸಿಬ್ಬಂದಿ ಎಲ್ಲಿ ಹತ್ತಬೇಕು ಎಂದು ಬರೆಯುವುದರಲ್ಲಿಯೇ ನೌಕರಿ ಕಳೆಯಿತು. ಮಗಳು, ಅಳಿಯ ಊಟದ ಮೇಜಿನ ಮೇಲೆ ಕಾಶ್ಮೀರದ ಹಿಮದೂರಾದ ಗುಲ್ಮಾರ್ಗದ ಕಾಗದಗಳನ್ನು ಹರಡಿಕೊಂಡು ಕುಳಿತಾಗ ಹಳೆಯ ಚಾಳಿ ಎದ್ದು ಬಂತು. ಒಂದು ಹಾಳೆಗೆ ಗೆರೆ ಎಳೆದು, ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಪ್ರತಿ ಗಂಟೆಯ ಎದುರು ಮಗುವಿನ ಹೊಣೆ ಯಾರದೆಂದು ಬರೆಯಿರಿ ಎಂದೆ. ಬೆಳಗಿನ ಹಾಲು, ಗಂಜಿ, ಬಟ್ಟೆ ತೊಡಿಸುವುದು ಎಲ್ಲವನ್ನೂ ಇಬ್ಬರೂ ಹಂಚಿಕೊಂಡರು. ಹತ್ತು ಗಂಟೆಯ ಖಾನೆಯಲ್ಲಿ ಅಳಿಯ ‘ಅಜ್ಜಿ’ ಎಂದು ಬರೆದರು. ಅದರ ಕೆಳಗೆ ನಾಲ್ಕು ಗಂಟೆಯವರೆಗೂ ಬರೀ ‘ಸದರಿ’, ‘ಸದರಿ’.

ನನ್ನ ನೌಕರಿಯ ಕಾಲದಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯ ಪ್ರಕಾರ ಚಾಲಕನನ್ನು ಐದು ಗಂಟೆಗಿಂತ ಹೆಚ್ಚು ಹೊತ್ತು ಸತತವಾಗಿ ದುಡಿಸುವಂತಿರಲಿಲ್ಲ. ನಡುವೆ ಅರ್ಧ ಗಂಟೆಯಾದರೂ ವಿಶ್ರಾಂತಿ ಕೊಡಬೇಕಿತ್ತು. ಅಜ್ಜಿಯರಿಗೆ ಅಂಥ ಕಾಯ್ದೆ ಯಾವುದೂ ಇಲ್ಲ. ನನ್ನ ಹೆಂಡತಿ ಆ ಹಾಳೆಯನ್ನು ಕನ್ನಡಕ ಹಾಕಿಕೊಂಡು ಓದಿ, ಮಡಚಿ ಇಟ್ಟು ಹೇಳಿದಳು: “ಹಿಮ ನೋಡಲು ಕರೆದರೆ ಬರುತ್ತೇನೆ. ಗೋಡೆ ನೋಡುತ್ತಾ ಕೂರಬೇಕೆಂದರೆ ಗೋಡೆಗಳು ಸೇಡಂ ರಸ್ತೆಯಲ್ಲಿಯೂ ಇವೆ.”

ಸ್ಕೀ ಎಂದರೆ ಜಾರುಬಂಡೆ ಎಂದು ತಿಳಿದವರಿಗಾಗಿ ಒಂದು ಮಾತು. ಬಾಡಿಗೆಯ ಕೋಟು ತೊಟ್ಟು, ಮನುಷ್ಯರು ಎಳೆಯುವ ಸ್ಲೆಡ್ಜ್ ಮೇಲೆ ಕುಳಿತು ಫೋಟೊ ತೆಗೆಸಿಕೊಳ್ಳುವುದು ಅರ್ಧ ಗಂಟೆಯ ಕೆಲಸ. ಸ್ಕೀ ಕಲಿಯುವುದು ಹಾಗಲ್ಲ. ಬಿಗಿಯಾದ ಬೂಟು, ಅದಕ್ಕೆ ಸಿಕ್ಕಿಸಿದ ಉದ್ದನೆಯ ಪಟ್ಟಿಗಳು, ಕೈಯಲ್ಲಿ ಕೋಲು. ಬೀಳುವುದು, ಏಳುವುದು, ಇಳಿಜಾರನ್ನು ಮತ್ತೆ ಹತ್ತುವುದು. ದಿನಕ್ಕೆ ಹಲವು ಗಂಟೆಗಳಂತೆ ಕೆಲವು ದಿನ ಒದ್ದಾಡಿದ ಮೇಲೆಯೇ ನಿಲ್ಲುವುದು, ತಿರುಗುವುದು ಬರುತ್ತದೆ. ಅಷ್ಟು ಹೊತ್ತು ಆ ಕಲಿಯುವವರ ಕೈಗೆ ಮಗುವನ್ನು ಕೊಡುವಂತಿಲ್ಲ. ಯುರೋಪಿನ ಯಾರೋ ಬೆನ್ನಿಗೆ ಕೂಸು ಕಟ್ಟಿಕೊಂಡು ಜಾರಿ ಹೋಗುವ ವಿಡಿಯೊವನ್ನು ಅಳಿಯ ಮೊಬೈಲಿನಲ್ಲಿ ತೋರಿಸಿದರು. ಆತ ಎಷ್ಟೇ ನಿಪುಣನಾಗಿರಲಿ, ಹಿಂದಿನಿಂದ ಬಂದು ಗುದ್ದುವವನಿಗೆ ಬ್ರೇಕು ಹಾಕುವುದು ಗೊತ್ತಿರಬೇಕಲ್ಲ! ಆ ವಿಚಾರ ಅಲ್ಲಿಗೇ ನಿಂತಿತು.

ಮರುದಿನ ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಟ್ರಾವೆಲ್ ಏಜೆಂಟರ ಬಳಿ ಹೋದೆವು. ಹೊಳೆಯುವ ಕಾಗದದ ಮೇಲೆ ‘ಹಿಮ ಸಂಭ್ರಮ, ಕುಟುಂಬ ಪ್ಯಾಕೇಜ್, ಮಗುವಿಗೆ ಉಚಿತ’ ಎಂದಿತ್ತು. ಉಚಿತ ಎಂದರೆ ಏನೇನು ಎಂದು ಕೇಳಿದೆ. ಮಗುವಿಗೆ ಪ್ರತ್ಯೇಕ ಹಾಸಿಗೆ ಇಲ್ಲ, ಪ್ರತ್ಯೇಕ ಊಟವಿಲ್ಲ, ಆದ್ದರಿಂದ ಹಣವೂ ಇಲ್ಲ ಎಂಬುದು ಅದರ ತಾತ್ಪರ್ಯ. ಹೋಟೆಲಿನಲ್ಲಿ ಮಗುವನ್ನು ನೋಡಿಕೊಳ್ಳುವವರು ಇದ್ದಾರೆಯೇ, ಕೋಣೆಯನ್ನು ಯಾವುದರಿಂದ ಬೆಚ್ಚಗಿಡುತ್ತಾರೆ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬ ನನ್ನ ಪ್ರಶ್ನೆಗಳಿಗೆ ಅವರ ಬಳಿ ಇದ್ದದ್ದು ಒಂದೇ ಉತ್ತರ: “ಅಜ್ಜಿ ಬರುತ್ತಾರಲ್ಲ ಸರ್!”

ಕೋಣೆ ಬೆಚ್ಚಗಿಡುವ ಪ್ರಶ್ನೆಯನ್ನು ಕೇಳಿ ಅವರು ನಕ್ಕರು. ನಗುವ ವಿಷಯವಲ್ಲ ಅದು. ಕಾಶ್ಮೀರದಲ್ಲಿ ಚಳಿಗೆ ಬುಖಾರಿ ಎಂಬ ಕಟ್ಟಿಗೆಯ ಒಲೆ ಇರುತ್ತದೆ, ಕಾಂಗಡಿ ಎಂಬ ಕೆಂಡದ ಬುಟ್ಟಿ ಇರುತ್ತದೆ, ವಿದ್ಯುತ್ ಕಂಬಳಿ ಇರುತ್ತದೆ. ಬುಖಾರಿಯ ಕಬ್ಬಿಣದ ಮೈ ಕಾದು ನಿಂತಿರುತ್ತದೆ. ನಮ್ಮ ಮೊಮ್ಮಗಳು ಈಗ ಹೊಸದಾಗಿ ಓಡುವುದನ್ನು ಕಲಿತಿದ್ದಾಳೆ, ಹೊಳೆಯುವುದೇನು ಕಂಡರೂ ಮುಟ್ಟಿಯೇ ತೀರುತ್ತಾಳೆ. ಕಿಟಕಿ ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡ ಉರಿಸಿದರೆ ಹುಟ್ಟುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ವಿದ್ಯುತ್ ಕಂಬಳಿ ಇಷ್ಟು ಚಿಕ್ಕ ಮಕ್ಕಳಿಗೆ ಆಗಿಬರುವುದಿಲ್ಲ. ಕೋಣೆ ಬೆಚ್ಚಗಾಗುವುದು ಬಿಸಿ ಹರಿಸುವ ಕೊಳವೆಗಳಿಂದಲೋ ಬುಖಾರಿಯಿಂದಲೋ ಎಂದು ಮುಂಗಡ ಕೊಡುವ ಮೊದಲು ಕೇಳುವುದರಲ್ಲಿ ತಪ್ಪೇನಿದೆ?

ಇನ್ನು ಎತ್ತರ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ. ಗುಲ್ಮಾರ್ಗ ಸುಮಾರು 2,650 ಮೀಟರ್. ಅಲ್ಲಿನ ಗೊಂಡೊಲಾದ, ಅಂದರೆ ತಂತಿಯ ಮೇಲೆ ತೂಗಿ ಸಾಗುವ ಡಬ್ಬಿಗಳ, ಮೊದಲ ಹಂತ ಕೊಂಗ್ಡೂರಿಗೆ, ಅಂದರೆ 3,000 ಮೀಟರ್ ದಾಟಿ ಒಯ್ಯುತ್ತದೆ. ಎರಡನೆಯ ಹಂತ ಅಫರ್ವತ್ ಬೆಟ್ಟದ ಮೇಲೆ 4,000 ಮೀಟರಿನ ಸಮೀಪಕ್ಕೆ ಏರಿಸಿಬಿಡುತ್ತದೆ. 2,500 ಮೀಟರ್ ದಾಟಿದ ಮೇಲೆ ಎತ್ತರದ ಕಾಯಿಲೆ ಯಾರಿಗೂ ಬರಬಹುದು. ದೊಡ್ಡವರಾದರೆ ತಲೆ ಸಿಡಿಯುತ್ತಿದೆ ಎಂದು ಹೇಳುತ್ತಾರೆ. ಇಪ್ಪತ್ತು ಮಾತು ಬಲ್ಲ ಕೂಸು ಕಿರಿಕಿರಿ ಮಾಡುತ್ತದೆ, ಉಣ್ಣುವುದಿಲ್ಲ, ವಾಂತಿ ಮಾಡುತ್ತದೆ, ನಿದ್ದೆ ಮಾಡುವುದಿಲ್ಲ. ಇದರಲ್ಲಿ ಎತ್ತರದ್ದು ಯಾವುದು, ದವಡೆ ಹಲ್ಲಿನದು ಯಾವುದು ಎಂದು ಹೇಳಬಲ್ಲವರು ಮಗುವನ್ನು ದಿನಾ ಕಂಡವರು ಮಾತ್ರ. ಅಂದ ಮೇಲೆ ನಾಲ್ಕು ತಾಸಿನ ಮಟ್ಟಿಗೆ ಯಾರನ್ನಾದರೂ ಬಾಡಿಗೆಗೆ ಹಿಡಿದು ಮಗುವನ್ನು ಒಪ್ಪಿಸಿ ಹೋಗುವುದೂ ಸರಿಯಲ್ಲ. ಒಂದೆರಡು ದಿನ ಅಮ್ಮ ಎದುರಿಗಿದ್ದು, ಮಗು ಅವರನ್ನು ಗುರುತು ಹಿಡಿದು, ಆಮೇಲೆ ಬಿಡಬೇಕು. ಭಾಷೆಯ ತೊಂದರೆ ಏನೂ ಇಲ್ಲ. ಉರ್ದು ಕಿವಿಗೆ ಬೀಳದೆ ಕಲಬುರಗಿಯಲ್ಲಿ ಯಾವ ಮಗು ಬೆಳೆದಿದೆ!

ನಮ್ಮವರಿಗೆ ಬಿಸಿಲಿನ ಬಗ್ಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎಂಬ ಹೆಮ್ಮೆ ಇದೆ. ಮೇ ತಿಂಗಳ ಕಲಬುರಗಿಯಲ್ಲಿ ಬೆಳೆದವರಿಗೆ ಅದು ಸಹಜವೂ ಹೌದು. ಆದರೆ ಚಳಿಯ ಒಳಗಿನ ಬಿಸಿಲು ನಮಗೆ ಗೊತ್ತಿಲ್ಲ. ಹೊಸದಾಗಿ ಬಿದ್ದ ಹಿಮ ನೇರಳಾತೀತ ಕಿರಣಗಳಲ್ಲಿ ಶೇ 80ರವರೆಗೆ ತಿರುಗಿಸಿ ಮುಖಕ್ಕೇ ಹೊಡೆಯುತ್ತದೆ, ಸಾವಿರ ಮೀಟರ್ ಏರಿದಂತೆಲ್ಲ ಆ ಕಿರಣಗಳು ಸುಮಾರು ಶೇ 10ರಷ್ಟು ಹೆಚ್ಚುತ್ತವೆ. ಮಗುವಿಗೆ ಟೊಪ್ಪಿಗೆಯ ಜೊತೆಗೆ ಕಪ್ಪು ಕನ್ನಡಕವೂ ಬೇಕು, ಅದು ಕಿತ್ತೆಸೆಯದಂತೆ ಹಿಂದೆ ಪಟ್ಟಿಯೂ ಬೇಕು. ಐದು ಬೆರಳಿನ ಕೈಗವಸಿಗಿಂತ ಎಲ್ಲ ಬೆರಳುಗಳೂ ಒಂದೇ ಚೀಲದೊಳಗೆ ಕೂರುವ ಗವಸು ಬೆಚ್ಚಗಿರುತ್ತದೆ. ಚಳಿಗಾಲದಲ್ಲಿ ಊರಿಗೆ ಮಾರಲು ಬರುವವರ ಬಳಿ ಕೊಂಡ ಉಣ್ಣೆಯ ಸ್ವೆಟರ್ ಒಳಗೆ ಸರಿ, ಹೊರಗೆ ನೀರು ಹೀರದ ಬಟ್ಟೆಯೇ ಬೇಕು. ಎತ್ತಿಕೊಂಡವರು ನಡೆಯುತ್ತ ಬೆವರುತ್ತಾರೆ, ಅಲುಗಾಡದೆ ಕುಳಿತ ಕೂಸು ಅದೇ ಹೊತ್ತಿಗೆ ತಣ್ಣಗಾಗುತ್ತಿರುತ್ತದೆ. ತನಗೆ ಚಳಿಯಿಲ್ಲವೆಂದು ಮಗುವಿಗೂ ಚಳಿಯಿಲ್ಲವೆನ್ನುವ ಅಪ್ಪಂದಿರು ಇದನ್ನು ಎರಡು ಸಲ ಓದಲಿ.

ಹೊರದೇಶದಲ್ಲಿ ಹೇಗೆ? ನನ್ನ ತಂಗಿಯ ಮಗ ಮ್ಯೂನಿಕ್‌ನಲ್ಲಿದ್ದಾನೆ, ಗಡಿ ದಾಟಿ ಆಸ್ಟ್ರಿಯಾದ ಟಿರೋಲ್ ಪ್ರಾಂತ್ಯಕ್ಕೆ ಹೋಗಿ ಬರುತ್ತಾನೆ. ಅವನು ಮೊದಲು ಕಾಯ್ದಿರಿಸುವುದು ಹೋಟೆಲನ್ನಲ್ಲ, ಶಿಶುಪಾಲನಾ ಕೇಂದ್ರದಲ್ಲಿ ಜಾಗ. ಅದು ಸಿಕ್ಕ ಊರಿನಲ್ಲಿಯೇ ಕೋಣೆ ಹುಡುಕುತ್ತಾನೆ. ಸ್ಕೀ ಶಾಲೆಗಳು ಸಾಮಾನ್ಯವಾಗಿ ಮೂರು, ನಾಲ್ಕು ವರ್ಷದ ಮೇಲಿನ ಮಕ್ಕಳನ್ನು ತೆಗೆದುಕೊಳ್ಳುತ್ತವೆ. ಅದಕ್ಕಿಂತ ಚಿಕ್ಕವರು ಆಟಿಕೆ, ಮಂಚ, ಬಿಸಿಯೂಟವಿರುವ ಕೋಣೆಯಲ್ಲಿ ತರಬೇತಿ ಪಡೆದವರ ಕೈಯಲ್ಲಿರುತ್ತಾರೆ. ಫ್ರಾನ್ಸಿನ ಹಿಮದೂರುಗಳಲ್ಲಿ ಆರು ತಿಂಗಳ ಕೂಸುಗಳನ್ನೂ ನೋಡಿಕೊಳ್ಳುವ ಕೇಂದ್ರಗಳಿವೆ. ಲಸಿಕೆಯ ಪುಸ್ತಕ ತೋರಿಸಬೇಕು, ತಿಂಗಳುಗಳ ಮೊದಲೇ ಹೆಸರು ಬರೆಸಬೇಕು. ಕೆಲವು ಕಡೆ ಬೆಟ್ಟ ಹತ್ತಿಸುವ ಲಿಫ್ಟಿಗೆ ತಂದೆಗೂ ತಾಯಿಗೂ ಸೇರಿ ಒಂದೇ ಪಾಸು ಕೊಡುತ್ತಾರೆ. ಒಬ್ಬರು ಬೆಟ್ಟದ ಮೇಲಿದ್ದಾಗ ಇನ್ನೊಬ್ಬರು ಮಗುವಿನ ಬಳಿ ಇರುತ್ತಾರೆ, ಮಧ್ಯಾಹ್ನ ಪಾಸು ಕೈ ಬದಲಾಗುತ್ತದೆ. ನಮ್ಮ ಡಿಪೊದಲ್ಲಿ ಟಿಕೆಟ್ ಯಂತ್ರ ಪಾಳಿಯಿಂದ ಪಾಳಿಗೆ ಕೈ ಬದಲಾಗುತ್ತಿದ್ದ ಹಾಗೆ.

ಅಲ್ಲಿ ದುಡ್ಡಿದೆ, ಮಾಡುತ್ತಾರೆ ಎನ್ನಬೇಡಿ. ನಮ್ಮಲ್ಲಿ ಆಲೋಚನೆಗೆ ಬಡತನವಿಲ್ಲ. 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರ ಇಡಬೇಕೆಂದು 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾಯ್ದೆಯೇ ಹೇಳಿತು, ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಬಹುದು. ಉದ್ಯೋಗ ಖಾತ್ರಿಯ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳು ಬಂದಿವೆ, ಅದೇ ಊರಿನ ಹೆಂಗಸರಿಗೆ ತರಬೇತಿ ಕೊಟ್ಟು ಆರೈಕೆಗೆ ನೇಮಿಸುತ್ತಾರೆ. ತೊಗರಿ ಹೊಲದ ಬೇವಿನ ಮರಕ್ಕೆ ಸೀರೆಯ ಜೋಳಿಗೆ ಕಟ್ಟಿ ಕಳೆ ತೆಗೆಯುತ್ತಿದ್ದ ತಾಯಂದಿರಿಗೆ ಇಷ್ಟಾದರೂ ಸಿಕ್ಕಿತಲ್ಲ ಎಂಬ ಸಮಾಧಾನ ನನಗಿದೆ. ಕಾಶ್ಮೀರದಲ್ಲಿಯೂ ‘ಉಮೀದ್’ ಯೋಜನೆಯಡಿ ಮಹಿಳೆಯರ ಸ್ವಸಹಾಯ ಗುಂಪುಗಳಿವೆ. ಗುಲ್ಮಾರ್ಗದಲ್ಲಿ, ಮನಾಲಿಯ ಬಳಿಯ ಸೋಲಂಗ್‌ನಲ್ಲಿ, ಉತ್ತರಾಖಂಡದ ಔಲಿಯಲ್ಲಿ ಆಯಾ ಪ್ರವಾಸೋದ್ಯಮ ಇಲಾಖೆಗಳು ಇಂಥ ಗುಂಪುಗಳಿಗೆ ಒಂದೊಂದು ಬೆಚ್ಚನೆಯ ಕೋಣೆ ಕೊಟ್ಟು, ಗಂಟೆಗೆ ಇಷ್ಟೆಂದು ದರ ಗೊತ್ತು ಮಾಡಿದರೆ ಪ್ರವಾಸಿಗರು ಖುಷಿಯಿಂದ ಕೊಡುತ್ತಾರೆ. ಸ್ಲೆಡ್ಜ್ ಎಳೆಯುವ ಗಂಡಸರಿಗೆ ಚಳಿಗಾಲದ ಸಂಪಾದನೆ ಇದೆ; ಅವರ ಮನೆಯ ಹೆಂಗಸರಿಗೂ ಇರಲಿ.

ಅದು ಆಗುವವರೆಗೆ ನಮ್ಮ ಹಾಳೆ ಹೀಗೆ ಬದಲಾಗಿದೆ. ಎರಡು ವರ್ಷ ತುಂಬುವ ಮೊದಲು ಹೋದರೆ ಮಗು ವಿಮಾನದಲ್ಲಿ ತಾಯಿಯ ಮಡಿಲಲ್ಲಿ ಕೂರಬಹುದು, ಸೀಟಿನ ಹಣ ಉಳಿಯುತ್ತದೆ ಎಂದು ಮಗಳು ಜನವರಿಗೆ ಅವಸರ ಮಾಡಿದ್ದಳು. ಆದರೆ ಡಿಸೆಂಬರ್ 21ರಿಂದ 40 ದಿನ ಕಾಶ್ಮೀರಿಗಳು ಚಿಲ್ಲೈ ಕಲಾನ್ ಎನ್ನುವ ಕಡುಚಳಿ, ಆಮೇಲೆ 20 ದಿನದ ಚಿಲ್ಲೈ ಖುರ್ದ್. ಅದೆಲ್ಲ ಕಳೆದು, ಚಿಲ್ಲೈ ಬಚ್ಚಾ ಎಂಬ ಕೊನೆಯ ಹತ್ತು ದಿನಗಳ ಹೊತ್ತಿಗೆ, ಫೆಬ್ರುವರಿ ಕೊನೆಯ ವಾರ ಹೊರಡುತ್ತೇವೆ. ಮಗುವಿಗೆ ಎರಡು ತುಂಬಿರುತ್ತದೆ, ಸೀಟಿಗೆ ಹಣ ಕೊಡುತ್ತೇವೆ, ಗುಲ್ಮಾರ್ಗದಲ್ಲಿ ಹಿಮವೂ ಇರುತ್ತದೆ. ಹೈದರಾಬಾದಿನವರೆಗೆ ರೈಲು, ಅಲ್ಲಿಂದ ವಿಮಾನ. ಏರುವಾಗ, ಇಳಿಯುವಾಗ ಕಿವಿ ಕಟ್ಟದಂತೆ ಕುಡಿಯಲು ಏನಾದರೂ ಕೊಡುತ್ತಿರಬೇಕು. ಮೊದಲ ರಾತ್ರಿಗಳು 1,600 ಮೀಟರ್ ಸುಮಾರಿನ ಶ್ರೀನಗರದಲ್ಲಿ, ನಂತರ ಗುಲ್ಮಾರ್ಗದಿಂದ 13 ಕಿಲೋಮೀಟರ್ ಕೆಳಗಿರುವ ತಂಗ್‌ಮಾರ್ಗದಲ್ಲಿ ವಾಸ. ಮಲಗುವುದು ಕೆಳಗೆ, ಹಗಲು ಮಾತ್ರ ಮೇಲೆ. ಹಿಮ ಬಿದ್ದ ದಿನ ಆ ರಸ್ತೆಗೆ ಚಕ್ರಕ್ಕೆ ಸರಪಳಿ ಕಟ್ಟಿದ ವಾಹನವೇ ಬೇಕು, ಅದನ್ನು ಮೊದಲೇ ಗೊತ್ತು ಮಾಡಿದ್ದೇವೆ. ಹೊರರಾಜ್ಯದ ಪ್ರಿಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲವೆಂದು ಒಂದು ಪೋಸ್ಟ್‌ಪೇಯ್ಡ್ ಸಂಪರ್ಕವೂ ಬಂದಿದೆ. ಬೆಟ್ಟದ ಮೇಲೆ ಮಗುವಿನ ತಾಯಿ ಯಾರ ಫೋನಿಗೂ ಸಿಗದಿದ್ದರೆ ಯಾವ ಚಾರ್ಟೂ ಉಪಯೋಗಕ್ಕೆ ಬರುವುದಿಲ್ಲ.

ಬೆಳಗಿನ ಪಾಳಿಯಲ್ಲಿ ಮಗಳು ಸ್ಕೀ ಕಲಿಯುತ್ತಾಳೆ, ಅಳಿಯ ಮಗುವಿನ ಜೊತೆ. ಮಧ್ಯಾಹ್ನ ಅದಲು ಬದಲು. ನಡುವಿನ ನಿದ್ದೆಯ ಹೊತ್ತು ನನ್ನದು. ಕಥೆ ಹೇಳಿ ಮಲಗಿಸುವುದು ಬರುತ್ತದೆ, ಡೈಪರ್ ಬದಲಿಸುವುದನ್ನು ಈ ತಿಂಗಳು ಕಲಿಯುತ್ತಿದ್ದೇನೆ. ಹೆಂಡತಿಯ ಹೆಸರು ಯಾವ ಖಾನೆಯಲ್ಲಿಯೂ ಇಲ್ಲ. ಅವಳಿಗೆ ಗೊಂಡೊಲಾದ ಮೊದಲ ಹಂತದ ಟಿಕೆಟನ್ನು ಆನ್‌ಲೈನಿನಲ್ಲಿ ಮುಂಗಡ ಪಡೆಯುವ ಜವಾಬ್ದಾರಿ ಅಳಿಯನದು. ‘ಸದರಿ’ ಬರೆದದ್ದಕ್ಕೆ ದಂಡ.

ಆ ಏಜೆಂಟರಿಗೂ ನಮ್ಮ ಮೂರು ಪ್ರಶ್ನೆಗಳನ್ನು ಕಾಗದದ ಮೇಲೆ ಬರೆದು ಕೊಟ್ಟು ಬಂದಿದ್ದೇನೆ: ಕೋಣೆಗೆ ಬಿಸಿ ಯಾವುದರದು, ಆಸ್ಪತ್ರೆ ಎಷ್ಟು ದೂರ, ಮಗುವನ್ನು ನೋಡಿಕೊಳ್ಳಲು ಯಾರಿದ್ದಾರೆ. ಸಹಿ ಹಾಕಿ ಉತ್ತರ ಕೊಟ್ಟರೆ ಮುಂಗಡ ಕೊಡುತ್ತೇವೆ. ಇಲ್ಲದಿದ್ದರೆ ರೈಲು, ವಿಮಾನದ ಟಿಕೆಟುಗಳನ್ನು ನಾವೇ ತೆಗೆದುಕೊಳ್ಳುತ್ತೇವೆ.

ಇಂತಿ,
ನಿವೃತ್ತ ಸಂಚಾರ ನಿಯಂತ್ರಕ,
ಸೇಡಂ ರಸ್ತೆ, ಕಲಬುರಗಿ