ಮಂಜುಗೊಂದು ಪತ್ರ: ಪುಟ್ಟಿಯ ಬಟ್ಟಲಿಗೆ ನಮ್ಮೂರ ಹಣ್ಣು

ಹಾಸನ

ಪ್ರೀತಿಯ ಮಂಜು,

ನೀನು ಕಳಿಸಿದ ಫೋಟೊ ನೋಡಿದೆ. ಹಣ್ಣಿನ ಪ್ಯೂರಿ ತುಂಬಿದ ಪೌಚು, ಮೇಲೆ ದಪ್ಪ ಅಕ್ಷರದಲ್ಲಿ ಆರ್ಗ್ಯಾನಿಕ್ ಅಂತ. ಪುಟ್ಟಿಗೆ ಕೊಡಬಹುದಾ ಅಂತ ಕೇಳಿದ್ದೀಯ. ಯಾವಾಗಲೋ ಪ್ರಯಾಣದಲ್ಲಿ ಒಂದು ಕೊಟ್ಟರೆ ಏನೂ ಆಗುವುದಿಲ್ಲ. ದಿನಾ ಬೇಡ ಕಣೋ. 14 ತಿಂಗಳ ಮಗು ಅಗಿಯುವುದನ್ನು ಕಲಿಯುವ ಹೊತ್ತಿದು. ಪೌಚಿನಲ್ಲಿ ಬರೀ ಚೀಪುವ ಕೆಲಸ. ಅಷ್ಟು ದುಡ್ಡಿಗೆ ನಮ್ಮ ಕಟ್ಟಿನಕೆರೆ ಮಾರ್ಕೆಟ್ಟಿನಲ್ಲಿ ಏಲಕ್ಕಿ ಬಾಳೆ ಒಂದು ಚಿಪ್ಪೇ ಬರುತ್ತದೆ. ಹಾಸನದವನಾಗಿ ಇದನ್ನು ನಿನಗೆ ನಾನು ಹೇಳಬೇಕಾ!

ಪೌಚನ್ನು ತಿರುಗಿಸಿ ಹಿಂದೆ ಓದು. ಯಾವ ಪದಾರ್ಥ ಜಾಸ್ತಿ ಇದೆಯೋ ಅದನ್ನು ಮೊದಲು ಬರೆಯಬೇಕು ಅಂತ ನಿಯಮವಿದೆ. ಮಾವಿನ ಚಿತ್ರ ಹಾಕಿ, ಪಟ್ಟಿಯಲ್ಲಿ ಸೇಬು ಮೊದಲು ಬಂದಿದ್ದರೆ ನೀನು ಕೊಂಡಿದ್ದು ಸೇಬೇ. ಗಟ್ಟಿ ಮಾಡಿದ ಹಣ್ಣಿನ ರಸ, ಖರ್ಜೂರದ ಪಾಕ, ಆರ್ಗ್ಯಾನಿಕ್ ಬೆಲ್ಲ, ಯಾವ ಹೆಸರಲ್ಲಿ ಬಂದರೂ ಅದು ಸಕ್ಕರೆಯೇ. 2 ವರ್ಷ ತುಂಬುವವರೆಗೆ ಮಕ್ಕಳ ಊಟಕ್ಕೆ ಸಕ್ಕರೆ ಸೇರಿಸಬೇಡಿ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಪ್ರಕಾರ ಆ ವಯಸ್ಸಿನವರಿಗೆ ಜ್ಯೂಸೂ ಬೇಡ, ಮನೆಯಲ್ಲಿ ಹಿಂಡಿದ್ದೂ ಬೇಡ. 2ರಿಂದ 5 ವರ್ಷದವರಿಗೂ ದಿನಕ್ಕೆ 125 ಮಿಲಿಯ ಒಳಗೇ ಇರಬೇಕು. ಹಿಂಡಿದರೆ ನಾರು ಹೋಗಿ ಸಿಹಿ ಮಾತ್ರ ಉಳಿಯುತ್ತದೆ, ಅಲ್ವಾ? ಹಣ್ಣನ್ನು ಹಣ್ಣಾಗಿಯೇ ಕೊಡು.

ಬೆಲ್ಲದ ವಿಷಯ ನಿಮ್ಮ ಅಮ್ಮ ಒಪ್ಪುವುದಿಲ್ಲ, ಗೊತ್ತು. ಬೆಲ್ಲದಲ್ಲಿ ಕಬ್ಬಿಣ ಇದೆ ಅನ್ನುತ್ತಾರೆ. ಇದೆ, ಆದರೆ ಮಗು ತಿನ್ನುವ ಚೂರಿನಲ್ಲಿ ಎಷ್ಟು ಬಂದೀತು? ಜಗಳ ಮಾಡಬೇಡ. ಚೆನ್ನಾಗಿ ಕಳಿತ ಬಾಳೆಹಣ್ಣು ಅವರ ಕೈಗೆ ಕೊಡು, ಬೆಲ್ಲದ ಡಬ್ಬಿಯ ಕಡೆ ಅವರೂ ಹೋಗುವುದಿಲ್ಲ. ಜೇನುತುಪ್ಪದ ವಿಷಯದಲ್ಲಿ ಮಾತ್ರ ಗಟ್ಟಿಯಾಗಿ ನಿಲ್ಲು. ನಿನ್ನ ತಂಗಿಯ ಕೂಸಿಗೆ ಬಜೆ ತೇಯ್ದು ಜೇನಿನಲ್ಲಿ ನೆಕ್ಕಿಸುತ್ತೇವೆ ಅಂದರೆ ಬೇಡವೇ ಬೇಡ. 1 ವರ್ಷದ ಒಳಗಿನ ಮಗುವಿನ ಕರುಳಲ್ಲಿ ಜೇನಿನಿಂದ ಬೊಟುಲಿಸಂ ಅನ್ನುವ ಕಾಯಿಲೆ ತರುವ ವಿಷ ಹುಟ್ಟಬಹುದು. ಜೇನು ಎಷ್ಟೇ ಶುದ್ಧವಾಗಿರಲಿ, ಕಾಡಿನದ್ದೇ ಆಗಿರಲಿ, ಆ ಅಪಾಯ ಇದ್ದೇ ಇರುತ್ತದೆ.

ಈಗ ಸಿಹಿಗೆ ಬರೋಣ. ನಮ್ಮ ಮನೆಯಲ್ಲಿ ದಿನಾ ಓಡುವುದು ರಾಗಿ ಸರಿಯೇ. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ನೆರಳಲ್ಲಿ ಒಣಗಿಸಿ, ಘಮ್ಮೆನ್ನುವಷ್ಟು ಹುರಿದು ಮಿಲ್ಲಿಗೆ ಹಾಕಿಸುತ್ತೇವೆ. ಮೊಳಕೆ ಬರಿಸಿದರೆ ಪಿಷ್ಟ ಸ್ವಲ್ಪ ಒಡೆಯುತ್ತದೆ. ಸರಿ ಅಂಟಂಟಾಗುವುದಿಲ್ಲ, ಅದೇ ನೀರಿಗೆ ಹಿಟ್ಟು ಜಾಸ್ತಿ ಹಿಡಿಯುತ್ತದೆ. ಪುಟ್ಟ ಹೊಟ್ಟೆಗೆ ಇದು ದೊಡ್ಡ ಲಾಭ. ಪುಟ್ಟಿಗೆ ಈಗ ಬಟ್ಟೆಯಲ್ಲಿ ಸೋಸಿದ ಹಿಟ್ಟು ಬೇಕಿಲ್ಲ, ಜರಡಿ ಹಿಡಿದದ್ದು ಸಾಕು. ಸರಿ ಬೆಂದ ಮೇಲೆ ಒಲೆಯಿಂದ ಇಳಿಸಿ, ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ಬಂದ ಏಲಕ್ಕಿ ಬಾಳೆ ಕಿವುಚಿ ಹಾಕು. ಎರಡು ಚಮಚ ತೆಂಗಿನ ಹಾಲು ಬಿಡು, ಅರಸೀಕೆರೆ ಕಾಯಿ ಆದರೆ ಇನ್ನೂ ಒಳ್ಳೆಯದು. ತಣ್ಣಗಾದರೆ ಕತ್ತರಿಸುವಷ್ಟು ಗಟ್ಟಿಯಾಗುತ್ತದೆ. ನನ್ನ ಮಗಳು ಅದಕ್ಕೆ ಕಪ್ಪು ಕೇಕ್ ಅಂತ ಹೆಸರಿಟ್ಟಿದ್ದಾಳೆ. ಜೊತೆಗೆ ಬೀಜ ತೆಗೆದ ನಾಲ್ಕು ಕಿತ್ತಳೆ ತೊಳೆ ಕೊಡು. ಅದರ ವಿಟಮಿನ್ ಸಿ ಇದ್ದರೆ ರಾಗಿಯ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ.

ಹಲಸಿನ ಕಾಲದಲ್ಲಿ ಕಡುಬು. ಇದಕ್ಕೆ ಗಟ್ಟಿ ತೊಳೆಯ ಬಕ್ಕೆ ಹಲಸು ಬೇಡ, ತೊಳೆ ಮೆತ್ತಗೆ ನಾರುನಾರಾಗಿ ಇರುತ್ತದಲ್ಲ, ಸಾಮಾನ್ಯವಾಗಿ ಯಾರೂ ಮುಟ್ಟದ ಹಣ್ಣು, ಅದೇ ಬೇಕು. ತೊಳೆ ಅರೆದು, ಜಾಲರಿಯಲ್ಲಿ ನಾರು ತೆಗೆದು, ಅಕ್ಕಿ ತರಿ ಮತ್ತು ಕಾಯಿತುರಿ ಕಲಸಿ, ಅರ್ಧ ಗಂಟೆ ಬಿಟ್ಟು ಬಾಳೆಲೆಯಲ್ಲಿ ಮಡಿಸಿ ಹಬೆಯಲ್ಲಿ ಬೇಯಿಸು. ಬೆಲ್ಲವಿಲ್ಲದೆಯೂ ಸಿಹಿ ಧಾರಾಳ. ದೊಡ್ಡವರು ಬೇಕಿದ್ದರೆ ತುಪ್ಪದ ಜೊತೆ ಬೆಲ್ಲ ಹಚ್ಚಿಕೊಳ್ಳಲಿ.

ಬೇಸಿಗೆ ಮುಗಿಯುತ್ತಾ ಸಕಲೇಶಪುರದ ಕಡೆಯಿಂದ ಬೆಣ್ಣೆ ಹಣ್ಣು ಬರುತ್ತದೆ. ಬೆಂಗಳೂರಿನ ಜ್ಯೂಸ್ ಅಂಗಡಿಯವರು ಅದಕ್ಕೆ ಸಕ್ಕರೆ ಸುರಿದು ಹಾಳು ಮಾಡುತ್ತಾರೆ. ನೀನು ಬಾಳೆಹಣ್ಣಿನ ಜೊತೆ ಕಿವುಚಿ ಕುಲ್ಫಿ ಅಚ್ಚಿನಲ್ಲಿಡು. ಬೆಣ್ಣೆ ಹಣ್ಣು ಇನ್ನೂ ಕಾಯಾಗಿದ್ದರೆ ಬಾಳೆಹಣ್ಣಿನ ಜೊತೆ ಡಬ್ಬಿಯಲ್ಲಿ ಮುಚ್ಚಿಡು, ಬೇಗ ಹಣ್ಣಾಗುತ್ತದೆ. ಬಾಳೆಹಣ್ಣು ಬಿಡುವ ಎಥಿಲೀನ್ ಗಾಳಿಯ ಕೆಲಸ ಅದು. ವ್ಯಾಪಾರಿಗಳಿಗೂ ಎಥಿಲೀನ್ ಬಳಸಲು ಅನುಮತಿ ಇದೆ. ನಿಷೇಧ ಇರುವುದು ಕಾಯನ್ನು ಹಣ್ಣು ಮಾಡಲು ಇಡುವ ಕಾರ್ಬೈಡ್ ಕಲ್ಲಿಗೆ. ಒಂದೇ ಸಮ ಹಳದಿಯಾಗಿ, ತೊಟ್ಟು ಮಾತ್ರ ಹಸಿರಾಗಿ, ಮೂಗಿಗೆ ಏನೂ ವಾಸನೆ ಕೊಡದ ಮಾವು ಕಂಡರೆ ನಾನಂತೂ ಮುಂದಿನ ಅಂಗಡಿಗೆ ಹೋಗುತ್ತೇನೆ.

ದ್ರಾಕ್ಷಿಯನ್ನು ಇಡಿಯಾಗಿ ಕೊಡಬೇಡ. 5 ವರ್ಷದವರೆಗೆ ಉದ್ದಕ್ಕೆ ನಾಲ್ಕು ಸೀಳು ಮಾಡಿಯೇ ಕೊಡಬೇಕು, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಇನ್ನು ಸಾವಯವ. ಎಲ್ಲವನ್ನೂ ಆರ್ಗ್ಯಾನಿಕ್ ಕೊಳ್ಳಲು ಹೋದರೆ ಸಂಬಳ ಸಾಲುವುದಿಲ್ಲ, ಕೊಳ್ಳಬೇಕಾದ್ದೂ ಇಲ್ಲ. ಬಾಳೆ, ಪರಂಗಿ, ಹಲಸು, ಬೆಣ್ಣೆ ಹಣ್ಣು, ಇವೆಲ್ಲ ಸಿಪ್ಪೆ ಬಿಸಾಡುವ ಹಣ್ಣುಗಳು. ಹೊಡೆದ ಔಷಧಿ ತಿರುಳಿಗೆ ಇಳಿಯುವುದು ಕಡಿಮೆ, ಮಾಮೂಲಿಯದ್ದೇ ತಗೋ. ದುಡ್ಡು ಹಾಕುವುದಾದರೆ ಸಿಪ್ಪೆ ಸಮೇತ ತಿನ್ನುವ ದ್ರಾಕ್ಷಿಗೆ, ಸೊಪ್ಪಿಗೆ, ದಿನಾ ತಿನ್ನುವ ರಾಗಿ ಅಕ್ಕಿಗೆ ಹಾಕು. ನಮ್ಮ ಕಡೆ ಆಲೂಗಡ್ಡೆಗೆ ಅಂಗಮಾರಿ ರೋಗ ಬಂದರೆ ರೈತ ಎಷ್ಟು ಸಲ ಔಷಧಿ ಹೊಡೆಯಬೇಕಾಗುತ್ತದೆ ಅಂತ ನೀನೂ ನೋಡಿದ್ದೀಯ. ಅವನನ್ನು ಬೈದು ಪ್ರಯೋಜನವಿಲ್ಲ, ಹೊಡೆಯದಿದ್ದರೆ ಹೊಲವೇ ಹೋಗುತ್ತದೆ. ಅದಕ್ಕೇ ಯಾವುದಕ್ಕೆ ಜಾಸ್ತಿ ಕೊಡಬೇಕು ಅಂತ ಬೆಳೆ ನೋಡಿ ಯೋಚಿಸು ಅನ್ನುವುದು.

ಪ್ಯಾಕೆಟ್ ಕೊಂಡರೆ ಸಾವಯವ ಅನ್ನುವುದಕ್ಕೆ ಗುರುತಾದ ಜೈವಿಕ್ ಭಾರತ್ ಮುದ್ರೆ ನೋಡು. ಸಾವಯವ ಆಹಾರದ ನಿಯಮ 2017ರಲ್ಲಿ ಬಂತು, 2018ರ ಜುಲೈಯಿಂದ ಜಾರಿಯಲ್ಲಿದೆ. ಮುದ್ರೆಯ ಹಿಂದೆ ಎರಡು ದಾರಿಗಳಿವೆ. ಒಂದು ಎನ್‌ಪಿಒಪಿ, ಹೊರಗಿನ ಸಂಸ್ಥೆ ಬಂದು ತಪಾಸಣೆ ಮಾಡುತ್ತದೆ. ಇನ್ನೊಂದು ಪಿಜಿಎಸ್, ರೈತರ ಗುಂಪೇ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಒಪ್ಪುತ್ತಾರೆ. ವರ್ಷಕ್ಕೆ 12 ಲಕ್ಷ ರೂಪಾಯಿ ಒಳಗಿನ ವಹಿವಾಟಿನ ಸಣ್ಣ ರೈತ ನೇರವಾಗಿ ನಮಗೆ ಮಾರಿದರೆ ಸರ್ಟಿಫಿಕೇಟ್ ಬೇಕಿಲ್ಲ. ಹಾಗಾಗಿ ಸಂತೆಯಲ್ಲಿ ಮುದ್ರೆ ಕೇಳಬೇಡ, ಹುಳಕ್ಕೆ ಏನು ಮಾಡ್ತೀರಿ, ಗೊಬ್ಬರಕ್ಕೆ ಏನು ಹಾಕ್ತೀರಿ ಅಂತ ಕೇಳು. ಬೇವಿನ ಹಿಂಡಿ, ಸಗಣಿ ಗಂಜಲದ ಜೀವಾಮೃತ ಅಂತ ಬಿಡಿಸಿ ಹೇಳುವವರನ್ನು ನಾನು ನಂಬುತ್ತೇನೆ. ‘ಏನೂ ಇಲ್ಲ ಸಾರ್, ಫುಲ್ ಆರ್ಗ್ಯಾನಿಕ್’ ಅನ್ನುವವರನ್ನು ಅಷ್ಟಾಗಿ ಇಲ್ಲ. ಕಾಫಿ ತೋಟದ ಬೆಣ್ಣೆ ಹಣ್ಣನ್ನೂ ಹೀಗೇ ಸುಮ್ನೆ ಆರ್ಗ್ಯಾನಿಕ್ ಅಂತ ಮಾರುತ್ತಾರೆ. ಅದರ ಕೆಳಗಿನ ಕಾಫಿಗೆ ರಾಸಾಯನಿಕ ಗೊಬ್ಬರ ಬೀಳುವುದುಂಟು. ಹಣ್ಣು ಚೆನ್ನಾಗಿಯೇ ಇರುತ್ತದೆ, ಹೆಚ್ಚಿನ ರೇಟು ಕೊಡಬೇಡ ಅಷ್ಟೇ.

ಹುರಿದ ರಾಗಿ ಹಿಟ್ಟನ್ನು ಶನಿವಾರದ ಬಸ್ಸಿಗೆ ಹಾಕುತ್ತೇನೆ, ಮೆಜೆಸ್ಟಿಕ್ಕಿಗೆ ಬಂದು ಇಳಿಸಿಕೋ. ಸ್ಟೀಲ್ ಡಬ್ಬಿ ವಾಪಸ್ ಕಳಿಸು ಮಾರಾಯ. ಹೋದ ಸಲದ ಡಬ್ಬಿ ಎಲ್ಲಿ ಅಂತ ನಮ್ಮ ಮನೆಯವಳು ಇನ್ನೂ ಕೇಳುತ್ತಿದ್ದಾಳೆ.

ಇಂತಿ ನಿನ್ನ,
ರವಿ