ಭಾನುವಾರದ ಕೂಗಾಟಕ್ಕೆ

ಹುಬ್ಬಳ್ಳಿ, ಮಂಗಳವಾರ ರಾತ್ರಿ

ಪುಟ್ಟಿ,

ಭಾನುವಾರ ನೀನು ಸಿಟ್ಟಿನಲ್ಲಿ ಫೋನ್ ಇಟ್ಟೆ. ನಾನೂ ಮತ್ತೆ ಮಾಡಲಿಲ್ಲ. ನಿನ್ನ ಗೆಳತಿಯರ ಮುಂದೆ ಅಷ್ಟು ಜೋರಾಗಿ ಕೂಗಬಾರದಿತ್ತು, ತಪ್ಪು ನನ್ನದೇ. ಆದರೆ ಫ್ರೀಜರಿನಿಂದ ತೆಗೆದ ಕಲ್ಲಿನಂಥ ಕೋಳಿಯನ್ನು ಹಾಗೇ ಸ್ಲೋ ಕುಕ್ಕರಿಗೆ ಹಾಕುತ್ತಿದ್ದೆಯಲ್ಲ, ಅದನ್ನು ವಿಡಿಯೋ ಕಾಲಿನಲ್ಲಿ ನೋಡಿ ನನಗೆ ತಡೆಯಲಾಗಲಿಲ್ಲ.

ಒಂಬತ್ತನೇ ವಯಸ್ಸಿನಲ್ಲಿ ನೀನು ಸಲೈನ್ ಹಚ್ಚಿಸಿಕೊಂಡು ಮಲಗಿದ್ದು ನಿನಗೆ ನೆನಪಿದೆ. ಅದು ಬೇಡ. ನಿನಗೆ ಗೊತ್ತಿಲ್ಲದ್ದನ್ನು ಹೇಳುತ್ತೇನೆ. ಅಮ್ಮ ಗದಗಿಗೆ ಹೋಗಿದ್ದಳು. ಮೇ ತಿಂಗಳ ಬಿಸಿಲು. ಮಧ್ಯಾಹ್ನದ ಕೋಳಿ ಸಾರನ್ನು ಒಲೆ ಮೇಲೇ ಬಿಟ್ಟು ನಾನು ಅಂಗಡಿಗೆ ಹೋದೆ. ಫ್ರಿಜ್ ಎರಡು ಹೆಜ್ಜೆ ದೂರ ಇತ್ತು. ಎರಡೇ ಹೆಜ್ಜೆ. ರಾತ್ರಿ ಬಂದು ಚೆನ್ನಾಗಿ ಕುದಿಸಿ, ರೊಟ್ಟಿ ಮುರಿದು ಹಾಕಿ ನಿನಗೆ ಕೊಟ್ಟೆ. ಕುದಿಸಿದರೆ ಆಯ್ತು ಅಂದುಕೊಂಡಿದ್ದೆ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತವೆ, ಆದರೆ ಕೆಲವು ಬಿಟ್ಟ ವಿಷ ಹಾಗೇ ಉಳಿಯುತ್ತದೆ ಅಂತ ಡಾಕ್ಟರು ಆಮೇಲೆ ಹೇಳಿದರು. ನೀನು ಬಟ್ಟಲು ನೆಕ್ಕಿ "ಸಾರು ಚಲೋ ಆಗೇತಿ ಅಪ್ಪಾ" ಅಂದಿದ್ದೆ.

ಅಮ್ಮನಿಗೆ ನಾನು ಸುಳ್ಳು ಹೇಳಿದೆ. ಸಂಜೆ ತಿಂದ ಗಿರ್ಮಿಟ್ಟಿನಿಂದ ಆಯ್ತು ಅಂದೆ. ಎರಡು ವರ್ಷ ಅವಳು ನಿನಗೆ ಗಿರ್ಮಿಟ್ಟು ಮುಟ್ಟಲು ಬಿಡಲಿಲ್ಲ. ಗಾಡಿ ಕಂಡಾಗಲೆಲ್ಲ ನೀನು ನನ್ನ ಕೈ ಜಗ್ಗುತ್ತಿದ್ದೆ. ನಾನು ಸುಮ್ನೆ ಮುಂದೆ ನಡೆಯುತ್ತಿದ್ದೆ.

ಆ ಕುಕ್ಕರ್ ಕೆಟ್ಟದ್ದಲ್ಲ. ನಿಧಾನಕ್ಕೆ ಬಿಸಿಯಾಗುವುದೇ ಅದರ ಗುಣ. ಅದಕ್ಕೇ ಗಡ್ಡೆ ಕಟ್ಟಿದ ಕೋಳಿ ಅದರಲ್ಲಿ ಬಹಳ ಹೊತ್ತು ಉಗುರುಬೆಚ್ಚಗೆ ಕೂರುತ್ತದೆ, ಕ್ರಿಮಿಗಳಿಗೆ ಬೇಕಾಗಿರುವುದೂ ಅದೇ. ಹಿಂದಿನ ರಾತ್ರಿಯೇ ಕೋಳಿಯನ್ನು ಫ್ರಿಜ್ಜಿನ ಕೆಳಗಿನ ಹಲಗೆಗೆ ಇಳಿಸು. ಎದೆ ತುಂಡು ಬೇಡ, ಒಣಗುತ್ತದೆ. ತೊಡೆ ತುಂಡೇ ತಗೋ. ಆಲೂಗಡ್ಡೆ, ಗಜ್ಜರಿ ತಳದಲ್ಲಿರಲಿ, ಅವು ಬೇಯುವುದು ಕೋಳಿಗಿಂತ ತಡ. ಕುಕ್ಕರನ್ನು 'ಲೋ'ಗೆ, ಅಂದರೆ ಕಡಿಮೆ ಬಿಸಿಗೆ ಇಟ್ಟರೆ 7 ಗಂಟೆ ಬೇಕು. ಮುಚ್ಚಳ ಪದೇ ಪದೇ ತೆಗೆಯಬೇಡ, ಕೂಡಿಟ್ಟ ಬಿಸಿಯೆಲ್ಲ ಹೋಗುತ್ತದೆ. ರಾಜ್ಮಾ ಹಾಕುವುದಾದರೆ ನೆನೆಸಿ, ಬೇರೆ ಪಾತ್ರೆಯಲ್ಲಿ ಕಡಿಮೆ ಅಂದರೂ 10 ನಿಮಿಷ ಕೊತಕೊತ ಕುದಿಸಿ ಹಾಕು. ಒಂದು ಥರ್ಮಾಮೀಟರ್ ತಗೋ, ದುಡ್ಡು ನಾನು ಹಾಕುತ್ತೇನೆ. ತುಂಡಿನ ನಡುವೆ ಚುಚ್ಚಿದರೆ 74 ಡಿಗ್ರಿ ತೋರಿಸಬೇಕು. ಉಳಿದದ್ದು 2 ಗಂಟೆಯೊಳಗೆ ಫ್ರಿಜ್ಜಿಗೆ. ಇದೊಂದು ಮಾತ್ರ ಮರೆಯಬೇಡ.

ನೋಡು, ಮತ್ತೆ ಪಾಠ ಶುರು ಮಾಡಿದೆ.

ಸಂಜೆ ನೀನು ಅಮ್ಮನಿಗೆ ಕಳಿಸಿದ ಫೋಟೋ ನೋಡಿದೆ. ನಾಲ್ಕು ಬಟ್ಟಲು, ಬ್ಯಾಡಗಿ ಮೆಣಸಿನ ಕೆಂಪು, ಮೇಲೆ ಕೊತ್ತಂಬರಿ. ಇಂಗ್ಲೆಂಡಿನ ಲೀಡ್ಸ್‌ನ ಆ ಚಳಿಯಲ್ಲಿ ನನ್ನ ಮಗಳು ನಾಲ್ಕು ಜನಕ್ಕೆ ಅಡುಗೆ ಮಾಡಿ ಬಡಿಸಿದ್ದಾಳೆ. ಅಮ್ಮ ಮಲಗಿದ ಮೇಲೆ ಅವಳ ಫೋನ್ ತೆಗೆದು ಇನ್ನೊಮ್ಮೆ ನೋಡಿದೆ. ಯಾರಿಗೂ ಏನೂ ಆಗಿಲ್ಲ ಅಂತ ಅವಳು ಹೇಳಿದ್ದಾಳೆ. ಆದರೂ ನೀನೇ ಒಂದು ಸಲ ಹೇಳು.

ಗಿರ್ಮಿಟ್ಟಿನ ವಿಷಯ ಬೆಳಿಗ್ಗೆ ಚಹಾ ಕುಡಿಯುವಾಗ ಅಮ್ಮನಿಗೆ ಹೇಳುತ್ತೇನೆ. ಅದಾದ ಮೇಲೆಯೇ ಈ ಪತ್ರ ನಿನಗೆ ಕಳಿಸುತ್ತೇನೆ.

ಅಪ್ಪ