ಟಾರ್ಚ್ ಕೊಳ್ಳುವ ಮೊದಲು ಆಮ್ಲಜನಕದ ಲೆಕ್ಕ

ಕುಂಬಳೆ

ಚಿ. ಶ್ರಾವ್ಯಳಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪತ್ರವೂ ಜತೆಗಿಟ್ಟ ಮೂರು ಟಾರ್ಚ್‌ಗಳ, ಅಂದರೆ ಗ್ಯಾಸನ್ನೂ ಆಮ್ಲಜನಕವನ್ನೂ ಉರಿಸಿ ಗಾಜು ಕರಗಿಸುವ ಉಪಕರಣಗಳ, ಚಿತ್ರಗಳೂ ಕೈಸೇರಿದವು. ಬೆಂಗಳೂರಿನ ಕೆಲಸ ಬಿಟ್ಟು ಮುಳ್ಳೇರಿಯದ ಮನೆಯ ಅಡಿಕೆ ಕೊಟ್ಟಿಗೆಯಲ್ಲೇ ಗಾಜಿನ ಕೆಲಸಕ್ಕೆ ಕೂರುತ್ತೇನೆ ಎಂದು ನೀನು ಬರೆದದ್ದಕ್ಕೆ ನಿನ್ನ ಅಮ್ಮ ಗಾಬರಿಯಾಗಿದ್ದಾಳೆ. ನನಗಂತೂ ಬಹಳ ಸಂತೋಷವಾಯಿತು. ಪ್ರಯೋಗಾಲಯದ ಗಾಜು ಊದುತ್ತ ಆಯುಸ್ಸು ಕಳೆದವನು ನಾನು. ನಮ್ಮ ಮನೆಯ ಹುಡುಗಿಯೊಬ್ಬಳು ಅದೇ ಉರಿಯ ಮುಂದೆ ಕೂರಲು ಹೊರಟಿದ್ದಾಳೆ ಎಂದ ಮೇಲೆ ಗೊತ್ತಿರುವುದನ್ನೆಲ್ಲ ಹೇಳದೆ ಇರಲಾರೆ.

ಮೂರರಲ್ಲಿ ಅತಿ ದೊಡ್ಡದರ ಮೇಲೆ ನಿನ್ನ ಕಣ್ಣಿದೆ. ಹೇಗೂ ಮುಂದೆ ಬೇಕಾಗುತ್ತದೆ, ಈಗಲೇ ಕೊಂಡರೆ ಒಂದೇ ಖರ್ಚು ಎಂದು ಬರೆದಿದ್ದೀಯೆ. ನನ್ನ ಅಭಿಪ್ರಾಯ ಕೇಳಿದರೆ, ಬೇಡ. ಟಾರ್ಚ್‌ನ ಬೆಲೆ ಒಮ್ಮೆ ಕೊಡುವಂಥದ್ದು. ಅದು ಉಣ್ಣುವ ಆಮ್ಲಜನಕದ ಬೆಲೆ ಪ್ರತಿ ವಾರ ಕೊಡುವಂಥದ್ದು. ಒಂದು ಲೀಟರ್ ಪ್ರೊಪೇನ್ ಪೂರ್ತಿ ಉರಿಯಲು ಐದು ಲೀಟರ್ ಆಮ್ಲಜನಕ ಬೇಕು, ಬ್ಯೂಟೇನ್‌ಗೆ ಆರೂವರೆ ಲೀಟರ್. ನಮಗೆ ಸಿಗುವ ಎಲ್‌ಪಿಜಿಯಲ್ಲಿ ಎರಡೂ ಬೆರೆತಿರುತ್ತವೆ. ವೆಲ್ಡಿಂಗ್‌ನವರು ಬಳಸುವ ಆಳೆತ್ತರದ ಸಿಲಿಂಡರ್‌ನಲ್ಲಿ 7 ಘನ ಮೀಟರ್, ಅಂದರೆ 7,000 ಲೀಟರ್ ಆಮ್ಲಜನಕ ಇರುತ್ತದೆ. ನಿಮಿಷಕ್ಕೆ 30 ಲೀಟರ್ ಎಳೆಯುವ ಟಾರ್ಚ್‌ನ ಮುಂದೆ ಅದು ನಾಲ್ಕು ಗಂಟೆ ಕೂಡ ಬಾಳುವುದಿಲ್ಲ. ನಿಮಿಷಕ್ಕೆ 10 ಲೀಟರ್ ಸಾಕೆನ್ನುವ ಟಾರ್ಚ್ ಆದರೆ ಹನ್ನೊಂದೂವರೆ ಗಂಟೆ ಕೆಲಸವಾಗುತ್ತದೆ. ಅದೇ 19 ಕಿಲೋದ ವಾಣಿಜ್ಯ ಗ್ಯಾಸ್ ಸಿಲಿಂಡರ್ ಒಂದು ಮುಗಿಯುವಷ್ಟರಲ್ಲಿ ಆರೇಳು ಆಮ್ಲಜನಕದ ಸಿಲಿಂಡರ್‌ಗಳು ಖಾಲಿಯಾಗಿರುತ್ತವೆ. ಅಡುಗೆಮನೆಯ 14.2 ಕಿಲೋ ಸಿಲಿಂಡರನ್ನು ಕೊಟ್ಟಿಗೆಗೆ ಒಯ್ಯುವ ಯೋಚನೆ ಇದ್ದರೆ ಬಿಡು, ಅದನ್ನು ವ್ಯಾಪಾರಕ್ಕೆ ಬಳಸಲು ಕಾನೂನು ಒಪ್ಪುವುದಿಲ್ಲ.

ಆಮ್ಲಜನಕ ನಿನಗೆ ಮಂಗಳೂರಿನಿಂದ ಬರಬೇಕು. ದೂರ ಹೆಚ್ಚೇನೂ ಇಲ್ಲ, ಆದರೆ ನಡುವೆ ಕೇರಳ-ಕರ್ನಾಟಕದ ಗಡಿ ಇದೆ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಆ ಗಡಿಯ ತಲಪಾಡಿ ಮುಚ್ಚಿದಾಗ ನಮ್ಮ ಕಡೆಯ ರೋಗಿಗಳೇ ಆಚೆ ದಾಟಲಾಗದೆ ಒದ್ದಾಡಿದರು. ಮರುವರ್ಷ ಏಪ್ರಿಲ್‌ನಲ್ಲಿ ಕೇಂದ್ರ ಸರಕಾರ ಕೆಲವನ್ನು ಬಿಟ್ಟು ಉಳಿದೆಲ್ಲ ಕೈಗಾರಿಕೆಗಳಿಗೆ ಆಮ್ಲಜನಕ ನಿಲ್ಲಿಸಿ ಆಸ್ಪತ್ರೆಗಳಿಗೆ ತಿರುಗಿಸಿತು. ತಿರುಗಿಸಬೇಕಾದದ್ದೇ. ಅಂಥ ದಿನಗಳಲ್ಲೂ ನಿನ್ನ ಕೈ ಬರಿದಾಗಬಾರದು ಎಂಬುದು ನನ್ನ ಆಸೆ. ಸಿಲಿಂಡರ್ ಒಂದನ್ನೇ ನಂಬಿ ಕೂರಬೇಡ ಎನ್ನುವುದು ಅದಕ್ಕೇ.

ಆಗ ಮನೆಮಾತಾದ ಕಾನ್ಸಂಟ್ರೇಟರ್ ಯಂತ್ರ ಇಲ್ಲಿ ನೆರವಿಗೆ ಬರುತ್ತದೆ. ಗಾಳಿಯಿಂದಲೇ ನಿಮಿಷಕ್ಕೆ 5 ಅಥವಾ 10 ಲೀಟರ್ ಆಮ್ಲಜನಕವನ್ನು ಸುಮಾರು 93 ಶೇಕಡಾ ಶುದ್ಧತೆಯಲ್ಲಿ ಕೊಡುತ್ತದೆ. ಒತ್ತಡ ಮಾತ್ರ ಕಡಿಮೆ. ಹಾಗಾಗಿ ದೊಡ್ಡ ಟಾರ್ಚನ್ನು ಇದಕ್ಕೆ ಜೋಡಿಸಿದರೆ ಉರಿ ಸೊಪ್ಪಾಗಿ ಹಳದಿಗೆ ತಿರುಗುತ್ತದೆ. ನಾರ್ಟೆಲ್ ಮೈನರ್‌ನಂಥ ಚಿಕ್ಕ ಟಾರ್ಚ್‌ಗೆ 5 ಲೀಟರ್‌ನ ಒಂದು ಯಂತ್ರ ಮಣಿ ಮಾಡುವಷ್ಟಕ್ಕೆ ಧಾರಾಳ. ಯಂತ್ರದೊಳಗಿನ ಜಿಯೋಲೈಟ್ ಹರಳುಗಳಿಗೆ ತೇವ ಆಗದು. ನಮ್ಮ ಆಟಿಯ ಮಳೆಯಲ್ಲಿ ಅದನ್ನು ವಾರಗಟ್ಟಲೆ ಸುಮ್ಮನೆ ಮೂಲೆಯಲ್ಲಿಡಬೇಡ. ಕೆಲಸ ಇಲ್ಲದಿದ್ದರೂ ಆಗಾಗ ಓಡಿಸು.

ಹಾಗಾದರೆ ದೊಡ್ಡ ಉರಿಯೇ ಬೇಡವೇ? ಬೇಕು, ಆದರೆ ಯಾವಾಗ ಬೇಕು ಎಂದು ತಿಳಿದಿರಬೇಕು. ಕರಿಮಣಿ, ಬಣ್ಣದ ಮಣಿ, ಕಿವಿಯೋಲೆಯ ಹನಿ ಇವೆಲ್ಲ ಮೆದು ಗಾಜಿನ ಕೆಲಸ. ಮೆದು ಗಾಜನ್ನು ಜೋರು ಉರಿಗೆ ಹಿಡಿದರೆ ಮೇಲ್ಮೈ ಕುದಿದು ಗುಳ್ಳೆ ಏಳುತ್ತದೆ, ಬಣ್ಣ ಸುಟ್ಟುಹೋಗುತ್ತದೆ. ಪ್ರಯೋಗಾಲಯದ ಶಾಖ ತಡೆಯುವ ಗಾಜಾದ ಬೋರೋಸಿಲಿಕೇಟ್‌ನ (ಬೋರೋ) ಜಾತಿಯೇ ಬೇರೆ. ಅದು ಮೆದುವಾಗಲು ಶುರುವಾಗುವುದೇ ಸುಮಾರು 820 ಡಿಗ್ರಿಗೆ, ಕೈಗೆ ಬಗ್ಗಬೇಕಾದರೆ 1,250ರ ಆಸುಪಾಸು ಬೇಕು. ಹೆಬ್ಬೆರಳು ಗಾತ್ರದ ಬೋರೋ ಕಡ್ಡಿಯನ್ನು ಚಿಕ್ಕ ಉರಿಯಲ್ಲಿ ತಿರುಗಿಸಿ ನೋಡು: ಹೊರಪದರ ಜೇನಿನಂತೆ ಜೋಲುತ್ತದೆ, ಒಳಗಿನ ತಿರುಳು ಇನ್ನೂ ಬಿಗಿಯಾಗಿದೆ ಎಂದು ಮಣಿಕಟ್ಟಿಗೆ ಗೊತ್ತಾಗುತ್ತದೆ. ಎಡಗೈ ಒಂದಿಷ್ಟು ತಿರುಗಿದರೆ ಬಲಗೈ ಇನ್ನಷ್ಟು ತಿರುಗುತ್ತದೆ, ಗಾಜು ಹುರಿಗೊಂಡು ಅಚ್ಚು ತಪ್ಪುತ್ತದೆ. ಅಂಥ ಕಡೆ ಅಗಲದ ಉರಿಗೆ ಬೇರೆ ದಾರಿಯಿಲ್ಲ. ದಪ್ಪ ಗೋಲಿ, ಲೋಲಕ, ಮುಂದೆ ಕಾಲೇಜು ಪ್ರಯೋಗಾಲಯಗಳ ಕಂಡೆನ್ಸರ್ (ಆವಿ ತಣಿಸುವ ಗಾಜಿನ ಕೊಳವೆ) ರಿಪೇರಿ ಎಂದು ನೀನು ಬರೆದಿದ್ದೀಯಲ್ಲ, ಅವುಗಳಿಗೆ ಬೇಕಾದೀತು. ಆದರೆ ದಿನವಿಡೀ ಅಲ್ಲ.

ಆದ್ದರಿಂದ ನಾನು ಹೇಳುವುದು ಎರಡು ಉರಿಯ ಟಾರ್ಚ್. ನಡುವೆ ಚಿಕ್ಕ ಉರಿ, ಅದರ ಸುತ್ತ ಬೇಕೆಂದಾಗ ತೆರೆಯುವ ಹೊರಉರಿ. ಕಾರ್ಲೈಲ್ ಸಿಸಿ, ಜಿಟಿಟಿಯ ಫ್ಯಾಂಟಮ್ ಈ ಬಗೆಯವು. ಕೊಳ್ಳುವಾಗ ಒಂದು ಮಾತು ಖಚಿತಪಡಿಸಿಕೋ: ಎರಡು ಉರಿಗೂ ಆಮ್ಲಜನಕದ ಕೊಳವೆ ಬೇರೆ ಬೇರೆಯಾಗಿ ಜೋಡಿಸಲು ಬರಬೇಕು. ಆಗ ನಡುವಿನ ಉರಿಗೆ ಕಾನ್ಸಂಟ್ರೇಟರ್, ಹೊರಉರಿಗೆ ಸಿಲಿಂಡರ್. ದಿನದ ಮಣಿ ಕೆಲಸ ಕರೆಂಟಿನ ಖರ್ಚಿನಲ್ಲೇ ಮುಗಿಯುತ್ತದೆ. ದಪ್ಪ ಗಾಜು ಹಿಡಿದ ಹೊತ್ತಿಗಷ್ಟೇ ಸಿಲಿಂಡರ್ ತೆರೆಯುತ್ತೀ. ಇನ್ನೊಂದು, ಅನಿಲವೂ ಆಮ್ಲಜನಕವೂ ಮೂತಿಯ ಹೊರಗೆ ಬಂದು ಬೆರೆಯುವ ಮಾದರಿಯನ್ನೇ ತೆಗೆದುಕೋ. ಒಳಗೇ ಬೆರೆಯುವಂಥದ್ದರಲ್ಲಿ ಉರಿ ಹಿಂದಕ್ಕೆ ನುಗ್ಗುವ ಭಯ ಹೆಚ್ಚು, ಸದ್ದೂ ಹೆಚ್ಚು. ಯಾವುದೇ ಆದರೂ ರೆಗ್ಯುಲೇಟರ್‌ಗಳಿಗೆ ಹಾಗೆ ಹಿಂದಕ್ಕೆ ನುಗ್ಗುವ ಉರಿಯನ್ನು ತಡೆಯುವ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಹಾಕದೆ ಒಂದು ಕಡ್ಡಿಯನ್ನೂ ಕಾಯಿಸಬೇಡ.

ಟಾರ್ಚ್‌ನಲ್ಲಿ ಉಳಿದ ಹಣ ಕೊಟ್ಟಿಗೆಗೆ ಹಾಕು. ನಿಮ್ಮ ಅಡಿಕೆ ಕೊಟ್ಟಿಗೆ ನನಗೆ ಚೆನ್ನಾಗಿ ಗೊತ್ತು. ನೆಲ ಅಂಗಳಕ್ಕಿಂತ ತಗ್ಗು, ಬಾಗಿಲಿಗೆ ಎತ್ತರದ ಹೊಸಿಲು, ಕಿಟಕಿ ಒಂದೇ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಆ ತಗ್ಗಿನಲ್ಲಿ ನೀರಿನ ಹಾಗೆ ನಿಲ್ಲುತ್ತದೆ, ಹೊಸಿಲು ಅದನ್ನು ಹೊರಹೋಗಲು ಬಿಡುವುದಿಲ್ಲ. ಗ್ಯಾಸ್ ಸಿಲಿಂಡರ್ ಗೋಡೆಯ ಹೊರಗೆ, ಸಣ್ಣ ಮಾಡಿನ ಅಡಿಯಲ್ಲಿ, ನೆಟ್ಟಗೆ ನಿಂತಿರಲಿ. ಒಳಗೆ ಕೊಳವೆ ಮಾತ್ರ ಬರಲಿ. ಗೋಡೆಯ ಬುಡದಲ್ಲಿ, ನೆಲಕ್ಕೆ ಸಮನಾಗಿ ಗಾಳಿಕಿಂಡಿ ಕೊರೆಸು. ಹಾಳೆ, ಸೋಗೆ, ಗೋಣಿ ಎಲ್ಲವನ್ನೂ ಅಲ್ಲಿಂದ ಖಾಲಿ ಮಾಡಿಸು. ಅಪ್ಪ ಬೇಡ ಎಂದರೆ ನನಗೆ ಹೇಳು, ನಾನು ಮಾತಾಡುತ್ತೇನೆ.

ಟಾರ್ಚ್‌ನ ಮೇಲೆ ಹುಡ್, ಹೊರಗೆ ತಳ್ಳುವ ಫ್ಯಾನ್, ನಿನ್ನ ಬೆನ್ನ ಹಿಂದಿನಿಂದ ಹೊಸ ಗಾಳಿ ಬರುವ ದಾರಿ, ಈ ಮೂರೂ ಬೇಕು. ಬಿಸಿ ಉರಿ ಸುತ್ತಲಿನ ಗಾಳಿಯ ಸಾರಜನಕವನ್ನೇ ಸುಟ್ಟು ಶ್ವಾಸಕೋಶಕ್ಕೆ ಕೆಡುಕಾದ ನೈಟ್ರೋಜನ್ ಆಕ್ಸೈಡ್ ಹುಟ್ಟಿಸುತ್ತದೆ. ಉರಿ ದೊಡ್ಡದಾದಷ್ಟೂ ಅದು ಹೆಚ್ಚು. ನೋಡಿ ತಿಳಿಯೋಣವೆಂದರೆ ಹೊಗೆಯೂ ಕಾಣುವುದಿಲ್ಲ. ಕಣ್ಣಿನ ವಿಷಯವೂ ಹೀಗೆಯೇ. ಡಿಡಿಮಿಯಂ ಕನ್ನಡಕ ಸೋಡಿಯಂನ ಹಳದಿ ಬೆಳಕನ್ನು ತಡೆದು ಗಾಜು ಕಾಣಿಸುತ್ತದೆ, ಅಷ್ಟೇ. ಬೋರೋ ಕೆಲಸದ ಶಾಖಕಿರಣಕ್ಕೆ ವೆಲ್ಡಿಂಗ್ ಛಾಯೆಯ ಗಾಜು ಸೇರಿದ ಕನ್ನಡಕವೇ ಆಗಬೇಕು. ನಿನ್ನ ಕಣ್ಣು ಇನ್ನೂ ನಲವತ್ತು ವರ್ಷ ಕೆಲಸ ಮಾಡಬೇಕು ಮಗಳೇ, ಇದರಲ್ಲಿ ಜಿಪುಣತನ ಬೇಡ.

ತಣಿಸುವ ಕುಲುಮೆ ಟಾರ್ಚ್‌ನಷ್ಟೇ ಮುಖ್ಯ. ಬೋರೋ ಸುಮಾರು 565 ಡಿಗ್ರಿಯಲ್ಲಿ ನಿಂತು ಮೆಲ್ಲಗೆ ಇಳಿಯಬೇಕು. ಇಲ್ಲವಾದರೆ ಇಂದು ಚೆಂದ ಕಂಡ ಗೋಲಿ ಬರುವ ತಿಂಗಳು ತಾನಾಗಿ ಸೀಳುತ್ತದೆ. ಮಳೆಗಾಲದಲ್ಲಿ ಲೈನಿನ ಮೇಲೆ ಕೊಂಬೆ ಬಿದ್ದು ಕರೆಂಟು ಹೋಗುವುದು ನಮ್ಮಲ್ಲಿ ಹೊಸತಲ್ಲ. ದಪ್ಪ ಗೋಡೆಯ, ಶಾಖ ಬೇಗ ಬಿಡದ ಕುಲುಮೆಯನ್ನು ಆರಿಸು. 33 ಎಂದು ಗುರುತಿರುವ ಬೋರೋ ಕಡ್ಡಿಯನ್ನೂ 104ರ ಮೆದು ಗಾಜನ್ನೂ ಒಂದೇ ಡಬ್ಬಿಯಲ್ಲಿಡಬೇಡ. ಆ ಅಂಕಿಗಳು ಬಿಸಿಗೆ ಗಾಜು ಹಿಗ್ಗುವ ಪ್ರಮಾಣ, ಅದು ಬೇರೆಯಾದ್ದರಿಂದ ಎರಡನ್ನು ಕೂಡಿಸಿದ್ದು ಒಡೆಯದೆ ಇರದು.

ಹಚ್ಚುವಾಗ ಮೊದಲು ಗ್ಯಾಸ್, ಆಮೇಲೆ ಆಮ್ಲಜನಕ. ಆರಿಸುವಾಗ ಮೊದಲು ಆಮ್ಲಜನಕ, ಆಮೇಲೆ ಗ್ಯಾಸ್. ಆಮ್ಲಜನಕದ ರೆಗ್ಯುಲೇಟರ್‌ಗೆ ಎಣ್ಣೆ, ಗ್ರೀಸ್ ಸೋಕಲೇಬಾರದು. ತೆಂಗಿನೆಣ್ಣೆ ಹಚ್ಚಿದ ಕೈಯನ್ನೂ ಸೋಪು ಹಾಕಿ ತೊಳೆದೇ ಅದನ್ನು ಮುಟ್ಟು. ಕೊಳವೆಯ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಎಂದು ಪ್ರತಿ ಸಲ ಸಿಲಿಂಡರ್ ಬದಲಿಸಿದಾಗಲೂ ನೋಡು.

ಮುಂಗಡ ಕೊಡುವುದನ್ನು ಸದ್ಯಕ್ಕೆ ತಡೆಹಿಡಿ. ಕೊಟ್ಟಿಗೆಯ ಉದ್ದ, ಅಗಲ, ಮಾಡಿನ ಎತ್ತರ ಅಳೆದು ಕಳುಹಿಸಲು ಅಪ್ಪನಿಗೆ ಹೇಳು, ಫ್ಯಾನಿನ ಗಾತ್ರ ನಾನು ಲೆಕ್ಕ ಹಾಕುತ್ತೇನೆ. ನೀನು ಊರಿಗೆ ಬಂದ ವಾರವೇ ಇಬ್ಬರೂ ಮಂಗಳೂರಿಗೆ ಹೋಗಿ ರೆಗ್ಯುಲೇಟರ್, ಅರೆಸ್ಟರ್, ಕೊಳವೆ ನೋಡಿ ತರೋಣ. ಕೊಳವೆ ಎಲ್‌ಪಿಜಿಗೆಂದೇ ತಯಾರಿಸಿದ್ದೇ ಆಗಬೇಕು, ಅದನ್ನು ಅಂಗಡಿಯಲ್ಲಿ ನಾನೇ ನಿಂತು ನೋಡಿ ತೆಗೆದುಕೊಳ್ಳುತ್ತೇನೆ.

ಇತಿ,
ನಿನ್ನ ಸೋದರಮಾವ